ತಿಪ್ಪೆಯ ಗೊಬ್ಬರವೂ ಕಿರ್ದಿಯ ಲೆಕ್ಕವೂ
(ಶಿಗ್ಗಾಂವ ಸೀಮೆಯ ಒಕ್ಕಲು ಬಂಧುಗಳನ್ನು ಉದ್ದೇಶಿಸಿದ ಭಾಷಣ)



ಶಿಗ್ಗಾಂವದ ಸೀಮೆಯು ಮಲೆನಾಡಿನ ಸೆರಗು, ಬಯಲುನಾಡಿನ ಹೊಸ್ತಿಲು. ಇಲ್ಲಿಂದ ನೈಋತ್ಯಕ್ಕೆ ಹಾನಗಲ್ಲ ತಾಲೂಕನ್ನು ಹೊಕ್ಕರೆ ಭತ್ತದ ಗದ್ದೆ, ಮಾವಿನ ತೋಪು, ಅಡಿಕೆಯ ತೋಟ. ಮೂಡಲಕ್ಕೆ ಸವಣೂರ ದಾರಿಯನ್ನು ಹಿಡಿದರೆ ಮಳೆಯು ಹಿಂಜರಿದು ಎರೆಯ ಹೊಲ, ಹತ್ತಿ, ಮೆಣಸಿನಕಾಯಿ. ತೆಂಕಲಿಗೆ ಹಿರೇಕೆರೂರ ಸೀಮೆಯಲ್ಲಿ ಕುಮುದ್ವತಿಯ ನೀರು ಮದಗದ ಕೆರೆಯನ್ನು ತುಂಬಿ ಹರಿಯುವದು. ಇಷ್ಟು ಚಿಕ್ಕ ಹರವಿನಲ್ಲಿ ಇಷ್ಟು ಬಗೆಯ ನೆಲವು ದೊರೆಯುವದು ಅಪರೂಪವೇ ಸರಿ. ಆದರೆ ಈ ಬಗೆಬಗೆಯ ನೆಲದ ಮೇಲೆಲ್ಲ ಗೋವಿನಜೋಳವೊಂದೇ ಹಬ್ಬುತ್ತ ಬಂದಿರುವದನ್ನು ಕಣ್ಣುಳ್ಳವರೆಲ್ಲರೂ ಕಂಡಿದ್ದಾರೆ. ಒಂದೇ ಬೆಳೆ, ಒಂದೇ ಸುಗ್ಗಿ, ಒಂದೇ ವಾರದಲ್ಲಿ ಒಂದೇ ಪೇಟೆಗೆ ಹೋಗುವ ಸಾವಿರಾರು ಚೀಲಗಳು. ಇಂಥ ಕಾಲದಲ್ಲಿ ಎರಡು ಮೂರು ಎಕರೆಯ ಒಕ್ಕಲು ಮನೆತನವೊಂದು ಸಾವಯವ ರೀತಿಯ ತೋಟವನ್ನು ಮಾಡಿ, ಅದರ ಮೇಲೆ ಒಂದು ಸಣ್ಣ ವ್ಯಾಪಾರವನ್ನು ಹೂಡಿ ಬದುಕುವದು ಸಾಧ್ಯವೇ ಎಂಬುದು ಇಂದಿನ ವಿಚಾರಕ್ಕೆ ವಿಷಯವಾಗಿದೆ.

ಕಾಲವು ಅನಿಶ್ಚಿತವೆಂದು ಎಲ್ಲ ಕಾಲದವರೂ ಹೇಳುತ್ತ ಬಂದಿದ್ದಾರೆ. ಆದಕಾರಣ ಬರಿಯ ಮಾತಿಗಿಂತ ಇಸವಿಗಳನ್ನು ಹೇಳುವದು ಮೇಲು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಕೂಡಿದ ರೈತರ ಮೇಲೆ ಗೋಲಿಬಾರು ನಡೆಯಿತು. ಇಬ್ಬರು ರೈತರು ಪ್ರಾಣ ತೆತ್ತರು. ಬಿತ್ತಿಗೆಯ ಹದವು ತಪ್ಪೀತೆಂಬ ತಳಮಳದಿಂದ ಬಂದವರು ಅವರು, ಬೇಡಿದ್ದು ಒಂದೆರಡು ಚೀಲ ಗೊಬ್ಬರ. 2019ರ ಆಗಸ್ಟಿನಲ್ಲಿ ವರದೆಯು ದಂಡೆಯನ್ನು ಮೀರಿ ಹೊಲಗಳನ್ನು ಮುಳುಗಿಸಿತು. 2020ರ ಮಾರ್ಚ ತಿಂಗಳಲ್ಲಿ ಕೊರೋನಾ ಬೇನೆಯ ನಿಮಿತ್ತ ದೇಶದ ಪೇಟೆಗಳೆಲ್ಲ ಬಾಗಿಲು ಹಾಕಿಕೊಂಡವು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಸರಕಾರವೇ ಸಾರಿತು. 2024ರ ಮಾರ್ಚ 11ರಂದು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬೆಲೆ ಒಮ್ಮೆಲೇ ಕುಸಿದುದಕ್ಕೆ ಸಿಟ್ಟುಗೊಂಡ ಬೆಳೆಗಾರರು ಪೇಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಮತ್ತೆ ಅಂಗಡಿಗಳ ಮುಂದೆ ಸಾಲು. ಅದೇ ವರ್ಷದ ನವೆಂಬರದಲ್ಲಿ ಗೋವಿನಜೋಳದ ಬೆಲೆಯು ಕೇಂದ್ರ ಸರಕಾರವು ಸಾರಿದ ಕ್ವಿಂಟಲಿಗೆ 2,400 ರೂಪಾಯಿಗಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗೆ ಬಂದರು.

ಈ ಘಟನೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಇವು ಮೂರು ಬಗೆಯವೆಂದು ಕಾಣುವದು. ಮಳೆಯದು ಒಂದು, ಬೆಲೆಯದು ಒಂದು, ಹೊರಗಿನಿಂದ ಕೊಂಡು ತರುವ ಸಾಮಗ್ರಿಯದು ಇನ್ನೊಂದು. ಮಳೆಯು ರೈತನ ಕೈಯಲ್ಲಿಲ್ಲ. ಬೆಲೆಯು ಹುಬ್ಬಳ್ಳಿಯ ದಲಾಲನ ಕೈಯಲ್ಲಿಯೂ ಪೂರ್ತಿ ಇಲ್ಲ. ಮೂರನೆಯದು ಮಾತ್ರ ಅರ್ಧಕ್ಕಿಂತ ಹೆಚ್ಚು ರೈತನ ಕೈಯೊಳಗಿನದು. ಸಾವಯವ ಬೇಸಾಯದ ಬಗ್ಗೆ ಆರೋಗ್ಯದ ದೃಷ್ಟಿಯಿಂದ, ಧರ್ಮದ ದೃಷ್ಟಿಯಿಂದ ಹೇಳುವದು ಬಹಳವಿದೆ. ಅದನ್ನು ಹೇಳುವವರೂ ಬಹಳ ಜನರಿದ್ದಾರೆ. ಮನೆಯಿಂದ ಹೊರಗೆ ಹೋಗುವ ಹಣವನ್ನು ಅದು ಕಡಿಮೆ ಮಾಡುವದೆಂಬ ಸಣ್ಣ ಮಾತನ್ನು ಹೇಳುವವರು ಕಡಿಮೆ. ಸಣ್ಣ ವ್ಯಾಪಾರಕ್ಕೆ ಬೇಕಾದುದು ಮುಖ್ಯವಾಗಿ ಈ ಸಣ್ಣ ಮಾತೇ.

ಉದಾಹರಣೆಗೆ ಸವಣೂರಿನ ಎಲೆತೋಟವನ್ನೇ ತೆಗೆದುಕೊಳ್ಳಬಹುದು. ಸವಣೂರ ಎಲೆಯ ಹೆಸರು ಬಲ್ಲದವರಾರು? ಮದುವೆಯ ವೀಳ್ಯದಿಂದ ಹಿಡಿದು ಸಂತೆಯ ಕಟ್ಟೆಯ ತಾಂಬೂಲದವರೆಗೆ ಅದು ನಡೆದುಬಂದಿದೆ. ವೀಳ್ಯದ ಬಳ್ಳಿಯು ಸುಕುಮಾರ ಜಾತಿಯದು. ಅದಕ್ಕೆ ಬಿಸಿಲು ಅರ್ಧ, ನೆರಳು ಅರ್ಧ ಬೇಕು. ನೆಲವು ಸದಾ ಹಸಿಯಾಗಿರಬೇಕು, ಆದರೆ ನೀರು ನಿಲ್ಲಕೂಡದು. ಆದ್ದರಿಂದ ಬಲ್ಲವರು ಮೊದಲು ಆಸರೆಯ ಗಿಡಗಳನ್ನು ಎಬ್ಬಿಸುವರು: ಚೊಗಚೆ, ನುಗ್ಗೆ, ಹಾಲವಾಣ. ಗಿಡಗಳು ಆಳೆತ್ತರಕ್ಕೆ ಬಂದ ಮೇಲೆ ಬುಡದಲ್ಲಿ ಬಳ್ಳಿಯ ತುಂಡುಗಳನ್ನು ಊರಿ, ಅವು ಚಿಗುರಿ ಏರಿದಂತೆ ಗಿಡಕ್ಕೆ ಸಡಿಲಾಗಿ ಕಟ್ಟುತ್ತ ಹೋಗುವರು. ಗಾಳಿಯ ಹೊಡೆತ ತಪ್ಪಿಸುವದಕ್ಕೆ ಸುತ್ತಲೂ ಬಾಳೆ ಮೊದಲಾದವುಗಳ ಮರೆ. ನಾಲ್ಕಾರು ತಿಂಗಳಿಗೆ ಮೊದಲ ಕೊಯ್ಲು. ಅಲ್ಲಿಂದ ಮುಂದೆ ಎರಡು ಮೂರು ವಾರಗಳಿಗೊಮ್ಮೆ ಎಲೆ ಕೊಯ್ಯಬಹುದು. ಬಳ್ಳಿಯು ಕೈಗೆ ನಿಲುಕದಷ್ಟು ಎತ್ತರಕ್ಕೆ ಹೋದಾಗ ಅದನ್ನು ಬಿಚ್ಚಿ ಕೆಳಗಿಳಿಸಿ, ಎಲೆ ಬಿಟ್ಟ ಹಳೆಯ ಭಾಗವನ್ನು ಬುಡದಲ್ಲಿ ಸುರುಳಿಮಾಡಿ ಮಣ್ಣು ಗೊಬ್ಬರಗಳಿಂದ ಮುಚ್ಚುವರು. ಹೂತ ಗಿಣ್ಣುಗಳಿಂದ ಹೊಸ ಬೇರು ಹೊರಟು ಬಳ್ಳಿಯು ಮರಳಿ ಎಳೆಯದಾಗುವದು.

ಈ ವ್ಯವಸ್ಥೆಯಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಚೊಗಚೆಯೂ ಹಾಲವಾಣವೂ ದ್ವಿದಳ ವರ್ಗದವು. ಅವುಗಳ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯೊಳಗಿನ ಸಾರಜನಕವನ್ನು ಹಿಡಿದು ನೆಲಕ್ಕೆ ಕೂಡಿಸುವವು. ನೆರಳು ಹೆಚ್ಚಾದಾಗ ಕಡಿದು ಹಾಕುವ ಟೊಂಗೆಗಳ ಸೊಪ್ಪು ಅಲ್ಲಿಯೇ ಕೊಳೆತು ಬಳ್ಳಿಗೆ ಗೊಬ್ಬರವಾಗುವದು. ನುಗ್ಗೆಯ ಕಾಯಿ, ಚೊಗಚೆಯ ಹೂವು ಸಂತೆಗೆ ಹೋದರೆ ಉಪ್ಪು ಎಣ್ಣೆಯ ಖರ್ಚು ಹೊರಡುವದು. ಅಂದರೆ ಆಸರೆಯ ಕಂಬವೇ ಗೊಬ್ಬರದ ಅಂಗಡಿ, ಕಾಯಿಪಲ್ಯದ ಗಿಡ, ನೆರಳಿನ ಚಪ್ಪರ. ಹಿರಿಯರು ಇದಕ್ಕೆ ಸಾವಯವವೆಂಬ ಹೆಸರನ್ನು ಇಟ್ಟಿರಲಿಲ್ಲ. ಆ ಶಬ್ದವು ಅವರಿಗೆ ಬೇಕಾಗಿಯೂ ಇರಲಿಲ್ಲ.

ಎಲೆಯ ಬೆಳೆಗೆ ವಿಷದ ಸಿಂಪರಣೆಯು ಹೊಂದದೆಂಬುದಕ್ಕೆ ಬೇರೆ ಶಾಸ್ತ್ರ ಬೇಕಿಲ್ಲ. ಅಕ್ಕಿಯನ್ನು ತೊಳೆದು ಕುದಿಸುವರು, ಬದನೆಯನ್ನು ಬೇಯಿಸುವರು. ವೀಳ್ಯದೆಲೆಯನ್ನು ಮಾತ್ರ ಧೋತರದ ಸೆರಗಿಗೆ ಒರಸಿ ಸುಣ್ಣ ಹಚ್ಚಿ ಹಾಗೆಯೇ ಬಾಯಿಗಿಡುವರು. ಎರಡು ವಾರಕ್ಕೊಮ್ಮೆ ಕೊಯ್ಯುವ ಬೆಳೆಯಲ್ಲಿ ವಿಷವು ಇಳಿದುಹೋಗುವಷ್ಟು ಅವಕಾಶವೂ ಇರುವದಿಲ್ಲ. ಯೂರಿಯಾ ಹೆಚ್ಚಾಗಿ ಉಂಡ ಬಳ್ಳಿಯ ಎಲೆಯು ಅಗಲವಾಗಿ ಹಸುರೇರಿ ಕಾಣುವದಾದರೂ ಮೆತ್ತಗಿದ್ದು ಬುಟ್ಟಿಯಲ್ಲಿ ಬೇಗ ಕೊಳೆಯುವದು. ದೂರದ ಪೇಟೆಗೆ ಕಳಿಸುವವನಿಗೆ ಇದು ನೇರವಾದ ನಷ್ಟ.

ಎಲೆತೋಟಕ್ಕೆ ದೊಡ್ಡ ವೈರಿಯೆಂದರೆ ಬುಡ ಕೊಳೆಯುವ ರೋಗ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯು ನಿಂತ ನೀರಿನಲ್ಲಿ ಹಬ್ಬಿ, ಸಂಜೆ ಹಸುರಾಗಿದ್ದ ಬಳ್ಳಿಯನ್ನು ಒಂದೆರಡು ದಿನಗಳಲ್ಲಿ ಬಾಡಿಸುವದು. ಇದಕ್ಕೆ ಮೊದಲ ಔಷಧವು ಗುದ್ದಲಿ: ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಗಳನ್ನು ಆಳವಾಗಿ ತೋಡುವದು. ಎರಡನೆಯದು ಬೇವಿನ ಹಿಂಡಿ, ಹಾಗೂ ಹಣ್ಣಾದ ತಿಪ್ಪೆಗೊಬ್ಬರದಲ್ಲಿ ಬೆಳೆಯಿಸಿದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ. ಅಷ್ಟರಲ್ಲಿಯೂ ನಿಲ್ಲದಿದ್ದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ ನೀರಿನ ಬೋರ್ಡೋ ದ್ರಾವಣವನ್ನು ಬುಡಕ್ಕೆ ಹಾಕುವರು. ಇದನ್ನು ಸಾವಯವದ ನಿಯಮಗಳು ಮಿತಿಯೊಳಗೆ ಒಪ್ಪುವವು. ತಾಮ್ರವು ನೆಲದಲ್ಲಿ ಕೂಡುತ್ತ ಹೋಗುವ ಲೋಹವಾದ್ದರಿಂದ ಆ ಮಿತಿಯನ್ನು ಮೀರುವದು ಹಿತವಲ್ಲ. ಎಲೆಯನ್ನು ಕೊಯ್ದ ಮೇಲೆಯೇ ಹಾಕಬೇಕೆಂಬುದನ್ನು ಹೇಳುವ ಅವಶ್ಯಕತೆಯಿಲ್ಲದಿದ್ದರೂ ಹೇಳಿಬಿಡುವದು ಮೇಲು.

ವ್ಯಾಪಾರದ ದೃಷ್ಟಿಯಿಂದ ಎಲೆಯ ಗುಣವೆಂದರೆ ಅದು ವರುಷಕ್ಕೊಮ್ಮೆ ರೊಕ್ಕ ಕಾಣಿಸುವ ಬೆಳೆಯಲ್ಲ. ಎರಡು ಮೂರು ವಾರಕ್ಕೊಮ್ಮೆ ಮನೆಗೆ ಕಾಸು ಬರುವದು. ಕಿರಾಣಿ ಅಂಗಡಿಯ ಉದ್ದರಿ ಬೆಳೆಯುವದಿಲ್ಲ. ದೋಷವೆಂದರೆ ಅದನ್ನು ಹಗೇವಿನಲ್ಲಿ ಇಡಲಾಗದು, ಕಣದಲ್ಲಿ ಒಟ್ಟಲಾಗದು. 2020ರಲ್ಲಿ ಪೇಟೆಗಳೂ ಪಾನದಂಗಡಿಗಳೂ ಮುಚ್ಚಿದಾಗ ಎಲೆಯು ಬಳ್ಳಿಯಲ್ಲಿಯೇ ಉಳಿಯಿತು. ಅಂಥ ಹೊತ್ತಿನಲ್ಲಿ ಗೊಬ್ಬರದಂಗಡಿಯ ಬಾಕಿಯೂ ಕೈಗಡವೂ ತಲೆಯ ಮೇಲಿದ್ದ ತೋಟದವನ ಗತಿ ಒಂದು. ದನದ ಸಗಣಿ, ಗಿಡದ ಸೊಪ್ಪುಗಳಿಂದ ತೋಟವನ್ನು ನಡೆಸಿದವನ ಗತಿ ಇನ್ನೊಂದು. ಇಬ್ಬರಿಗೂ ಆ ತಿಂಗಳ ಆದಾಯ ಶೂನ್ಯವೇ. ಆದರೆ ಎರಡನೆಯವನಿಗೆ ಶೂನ್ಯವು ಶೂನ್ಯವಾಗಿಯೇ ನಿಂತಿತು. ಮೊದಲಿನವನಿಗೆ ಅದು ಬಡ್ಡಿಯಾಗಿ ಬೆಳೆಯಿತು.

ಇದನ್ನು ಅಂಕಿಗಳಲ್ಲಿ ಊಹಿಸಿ ನೋಡಬಹುದು. ಒಬ್ಬನು ನೂರು ರೂಪಾಯಿಯ ಮಾಲು ಮಾರುವನು, ಬೀಜ, ಗೊಬ್ಬರ, ಔಷಧ, ಕೂಲಿ, ಬಡ್ಡಿ ಎಂದು 60 ರೂಪಾಯಿ ಹೊರಗೆ ಹೋಗುವದು, ಉಳಿದದ್ದು 40. ಇನ್ನೊಬ್ಬನ ಸಾವಯವ ತೋಟದಲ್ಲಿ ಇಳುವರಿ ಕಡಿಮೆ, ಮಾರಾಟ 75 ಮಾತ್ರ. ಹೊರಗೆ ಹೋಗುವದು 35, ಅದರಲ್ಲಿ ಬಹುಭಾಗ ಕೂಲಿ. ಉಳಿದದ್ದು ಅದೇ 40. ಈಗ ಬೆಲೆಯು ನೂರಕ್ಕೆ ನಾಲ್ವತ್ತು ಇಳಿಯಿತೆನ್ನೋಣ. ಮೊದಲಿನವನು 60 ಮಾರಿ 60 ಕೊಟ್ಟು ಬರಿಗೈಯಲ್ಲಿ ನಿಲ್ಲುವನು. ಎರಡನೆಯವನಿಗೆ 45ರಲ್ಲಿ 35 ಹೋಗಿ 10 ಉಳಿಯುವದು. ಹತ್ತು ದೊಡ್ಡದಲ್ಲ, ಆದರೆ ಸಾಲದ ಪತ್ರಕ್ಕೆ ಸಹಿ ಹಾಕುವದನ್ನು ತಪ್ಪಿಸಲು ಸಾಕು. ನ್ಯಾಯಕ್ಕಾಗಿ ಮೂರನೆಯ ಲೆಕ್ಕವನ್ನೂ ಮಾಡಬೇಕು. ಬೆಲೆಯು ಅಷ್ಟೇ ಏರಿದರೆ ಮೊದಲಿನವನಿಗೆ 80, ಎರಡನೆಯವನಿಗೆ 70. ಅಂದರೆ ಸುಭಿಕ್ಷದ ವರ್ಷ ಹೆಚ್ಚು ಗಳಿಸುವವನು ಮೊದಲಿನವನೇ. ಸಾವಯವವು ಎಲ್ಲ ವರ್ಷವೂ ಹೆಚ್ಚು ಲಾಭ ಕೊಡುವದೆಂದು ಹೇಳಿ ರೈತರನ್ನು ಹುರಿದುಂಬಿಸುವವರು ಈ ಮೂರನೆಯ ಲೆಕ್ಕವನ್ನು ಮರೆಮಾಡುತ್ತಾರೆ. ಮರೆಮಾಡಿದುದರ ಫಲವಾಗಿ ಒಂದು ಒಳ್ಳೆಯ ವರ್ಷ ನೆರೆಯವನ ಗಳಿಕೆಯನ್ನು ಕಂಡು ಕೈಬಿಟ್ಟವರು ಅನೇಕರು.

ಇನ್ನು ಗೊಬ್ಬರದ ಮಾತು. ಕನ್ನಡದಲ್ಲಿ ಇದರ ವಿದ್ಯೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತು, ಜಲಶೋಧನೆ, ಪಾಕಶಾಸ್ತ್ರಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಸ್ಥಾನವುಂಟು. ಹಾನಗಲ್ಲು ಕದಂಬರ ಪಾನುಂಗಲ್ಲಾಗಿ ಮೆರೆದ ಕಾಲಕ್ಕೆ ಸಮೀಪದ ಕೃತಿಯದು. ಸಂಸ್ಕೃತದಲ್ಲಿ ಸುರಪಾಲನ ವೃಕ್ಷಾಯುರ್ವೇದವು ಕುಣಪಜಲವೆಂಬ ದ್ರವಗೊಬ್ಬರವನ್ನು ಹೇಳುವದು. ಅದರಲ್ಲಿ ಮಾಂಸಮಜ್ಜೆಗಳನ್ನು ಕೊಳೆಯಿಸುವ ವಿಧಿಯಿರುವದರಿಂದ ಶಿವಭಕ್ತರ ಮನೆಗಳಲ್ಲಿ ಅದು ನಡೆಯುವಂತಿಲ್ಲ. ಸಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟುಗಳನ್ನು ಕೂಡಿಸಿ ಮಾಡುವ ಜೀವಾಮೃತವು ಈಗ ಆ ಸ್ಥಾನದಲ್ಲಿ ಬಂದಿದೆ. 200 ಲೀಟರ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ ಗೋಮೂತ್ರ, ತಲಾ 2 ಕಿಲೋ ಬೆಲ್ಲ ಮತ್ತು ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದು ಎಕರೆಯ ಅಳತೆ. ಜೀವಾಮೃತವು ಹೆಪ್ಪಿದ್ದಂತೆ, ಹಾಲಿಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರನ್ನು ಎದುರು ನೋಡುವದು ವ್ಯರ್ಥ. ನೆಲದಲ್ಲಿ ಕೊಳೆಯುವ ಸೊಪ್ಪುಸದೆಯೇ ಆ ಹಾಲು.

ಸರ್ ಆಲ್ಬರ್ಟ ಹೋವರ್ಡ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞರು 1905ರಲ್ಲಿ ಹಿಂದುಸ್ತಾನಕ್ಕೆ ಬಂದು, ಮೊದಲು ಪೂಸಾದಲ್ಲಿ, ಅನಂತರ ಇಂದೂರಿನಲ್ಲಿ ಒಕ್ಕಲುತನದ ಸಂಶೋಧನೆಗಳನ್ನು ನಡೆಸಿದರು. ಇಲ್ಲಿಯ ರೈತರಿಂದ ಕಲಿತುದು ಬಹಳವಿದೆಯೆಂದು ಅವರು ಮುಚ್ಚುಮರೆಯಿಲ್ಲದೆ ಬರೆದುದು ಗಮನಾರ್ಹ. ಇಂದೂರಿನ ಪದ್ಧತಿಯೆಂದು ಹೆಸರಾದ ಅವರ ಕ್ರಮದಲ್ಲಿ 30 ಅಡಿ ಉದ್ದ, 14 ಅಡಿ ಅಗಲದ ಆಳವಲ್ಲದ ಗುಂಡಿಯೊಳಗೆ ಸೊಪ್ಪುಸದೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳನ್ನು ಪದರು ಪದರಾಗಿ ಹಾಸಿ, ನಡುನಡುವೆ ಮೂರು ಸಲ ಮಗುಚಿ ಹಾಕಿದರೆ ಮೂರು ತಿಂಗಳಿಗೆ ಗೊಬ್ಬರವು ಹಣ್ಣಾಗುವದು. ಸೊಪ್ಪುಸದೆಯು ಮೂರು ಪಾಲಿದ್ದರೆ ಸಗಣಿಯು ಒಂದು ಪಾಲು. ಹಿಂಡಿದ ಅರಿವೆಯಷ್ಟು ಹಸಿ ಇರಬೇಕು. ಹೆಚ್ಚಾದರೆ ನಾರುವದು, ಕಡಿಮೆಯಾದರೆ ಕೊಳೆಯದು. ಮೊದಲ ವಾರಗಳಲ್ಲಿ ಗುಂಡಿಯೊಳಗೆ ಕೈಯಿಡಲಾಗದಷ್ಟು ಕಾವು ಏರಬೇಕು. ಆ ಕಾವಿನಲ್ಲಿ ಕಳೆಯ ಬೀಜಗಳೂ ರೋಗದ ಬೀಜಗಳೂ ಸಾಯುವವು. ಊರ ಹೊರಗೆ ಬಿಸಿಲಿಗೆ ಬಿದ್ದ ತಿಪ್ಪೆಯಲ್ಲಿ ಈ ಯಾವುದೂ ನಡೆಯುವದಿಲ್ಲ. ಬಿಸಿಲು ಅದರ ಸಾರವನ್ನು ಹೀರುವದು, ಮಳೆಯು ತೊಳೆದೊಯ್ಯುವದು; ಚಕ್ಕಡಿ ಹೂಡಿ ಹೊಲಕ್ಕೆ ಸಾಗಿಸುವದು ಬಹುಮಟ್ಟಿಗೆ ಒಣ ಕಸವನ್ನೇ. ತಿಪ್ಪೆಯ ಮೇಲೊಂದು ನೆರಳಿನ ಚಪ್ಪರ, ಕೊಟ್ಟಿಗೆಯಿಂದ ಗಂಜಲ ಹರಿದುಬರಲು ಒಂದು ಕಾಲುವೆ: ಈ ಎರಡರ ಖರ್ಚು ಒಂದು ಚೀಲ ಔಷಧಕ್ಕಿಂತ ಹೆಚ್ಚಾಗದು.

ಆದರೆ ಸಗಣಿಯೆಲ್ಲಿ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಕೂಡದು. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿರುವದು. ಒಂದು ಟನ್ ತಿಪ್ಪೆಗೊಬ್ಬರದಲ್ಲಿರುವದು ಸುಮಾರು 5 ಕಿಲೋ. ಒಂದು ಚೀಲದ ಬದಲಿಗೆ ನಾಲ್ಕು ಟನ್! ಒಂದು ದನವು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುವದೆಂದು ಹಿಡಿದರೂ, ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಮಾಯವಾದ ಹಟ್ಟಿಗಳಲ್ಲಿ ಇಡೀ ಹೊಲಕ್ಕೆ ಸಾಲುವಷ್ಟು ಗೊಬ್ಬರವನ್ನು ಕೂಡಿಸುವದು ಆಗದ ಮಾತು. ತಿಪ್ಪೆಗೊಬ್ಬರವು ಸಾರಜನಕವನ್ನಷ್ಟೇ ಕೊಡುವದಲ್ಲ, ನೆಲಕ್ಕೆ ನೀರು ಹಿಡಿಯುವ ಶಕ್ತಿಯನ್ನೂ ಕೊಡುವದೆಂಬುದು ನಿಜ. ಆದರೂ ಅಂಕಿಯು ಅಂಕಿಯೇ. ಆದಕಾರಣ ಎರಡು ದನಗಳಿದ್ದವನು ಐದೆಕರೆಗೆ ಗೊಬ್ಬರವನ್ನು ಚಿಮುಕಿಸುವದಕ್ಕಿಂತ ಹತ್ತಿಪ್ಪತ್ತು ಗುಂಟೆಯ ತೋಟಕ್ಕೆ ಹೊಟ್ಟೆ ತುಂಬ ಹಾಕುವದು ಜಾಣತನ. ಉಳಿದ ಹೊಲಕ್ಕೆ ಸೆಣಬನ್ನು ಬಿತ್ತಿ ಹೂ ಬಿಡುವ ಮೊದಲೇ ಮಗ್ಗುಲಿಗೆ ಹಾಕುವದು, ಬದುಗಳ ಮೇಲೆ ಗೊಬ್ಬರಗಿಡವನ್ನೂ ಹೊಂಗೆಯನ್ನೂ ಬೆಳೆಯಿಸಿ ಸೊಪ್ಪು ಕಡಿದು ಹಾಕುವದು, ತೊಗರಿ ಅಲಸಂದೆಗಳನ್ನು ಅಕ್ಕಡಿಯಾಗಿ ಹಾಕುವದು, ಹೀಗೆ ನಾಲ್ಕಾರು ವರ್ಷಗಳ ಹಾದಿಯನ್ನು ಹಿಡಿಯಬೇಕು. ತೋಟದಿಂದ ತೊಡಗಿ ಹೊಲಕ್ಕೆ ಹೋಗಬೇಕೇ ಹೊರತು, ಒಂದೇ ಮುಂಗಾರಿನಲ್ಲಿ ಎಲ್ಲವನ್ನೂ ತಿರುವಿಹಾಕಕೂಡದು.

ತಿರುವಿಹಾಕಿದುದರ ಫಲವನ್ನು ನೆರೆಯ ಸಿಂಹಳ ದ್ವೀಪವು ಕಂಡಿತು. 2021ರಲ್ಲಿ ಅಲ್ಲಿಯ ಸರಕಾರವು ರಸಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ದೇಶವೆಲ್ಲ ಸಾವಯವವಾಗತಕ್ಕದ್ದೆಂದು ಆಜ್ಞೆ ಹೊರಡಿಸಿತು. ಭತ್ತದ ಬೆಳೆಯು ಕುಗ್ಗಿತು, ಚಹಾದ ತೋಟಗಳು ಬಾಡಿದವು, ರೈತರು ಬೀದಿಗೆ ಬಂದರು. ಆರೇಳು ತಿಂಗಳಲ್ಲಿ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಳೆಯದೆಲ್ಲ ಹೊನ್ನೆಂದು ಹೇಳುವವರು ಇನ್ನೊಂದನ್ನೂ ನೆನೆಯಬೇಕು. 1791-92ರ ಡೋಗಿ ಬರ, 1876-78ರ ದೊಡ್ಡ ಬರಗಳಲ್ಲಿ ಇದೇ ಧಾರವಾಡ ಸೀಮೆಯ ಜನರು ಹೊಲಕ್ಕೆ ಹಾಕುತ್ತಿದ್ದುದು ತಿಪ್ಪೆಗೊಬ್ಬರವನ್ನೇ; ಆದರೂ ಊರುಗಳು ಬರಿದಾದವು. ಗೊಬ್ಬರವು ಮಳೆಯನ್ನು ತರಲಾರದು. ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹಾಕಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ. ಶಿಗ್ಗಾಂವದ ನಾಗನೂರ ಕೆರೆ, ಹಾನಗಲ್ಲದ ಆನೆಕೆರೆಗಳಂಥ ಜಲಾಶಯಗಳಿರುವ ಸೀಮೆಯಲ್ಲಿ ಈ ಮಾತು ವಿಸ್ತಾರವನ್ನು ಬೇಡುವದಿಲ್ಲ.

ಬೀಜದ ಸಂಗತಿಯೂ ಹೀಗೆಯೇ. ಬ್ಯಾಡಗಿ ಮೆಣಸಿನಕಾಯಿಯು ಕೆಂಪು ಹೆಚ್ಚು, ಖಾರ ಕಡಿಮೆ ಎಂಬ ಗುಣದಿಂದ ಲೋಕಪ್ರಸಿದ್ಧವಾಗಿ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆಯಿತು. ಹೆಸರು ಬ್ಯಾಡಗಿಯದೇ ಉಳಿದರೂ ಪೇಟೆಗೆ ಬರುವ ಮಾಲಿನಲ್ಲಿ ಹೊರಗಿನ ಸೀಮೆಗಳ ಸಂಕರ ತಳಿಗಳೇ ತುಂಬುತ್ತ ಬಂದವು. ಕಾರಣವಿಲ್ಲದೆ ಅಲ್ಲ: ಊರ ತಳಿಯ ಇಳುವರಿ ಕಡಿಮೆ, ಎಲೆ ಮುರುಟು ರೋಗದ ಕಾಟ ಹೆಚ್ಚು. ಎಕರೆಗಟ್ಟಲೆ ಊರ ತಳಿಯನ್ನೇ ಹಾಕಿರೆಂದು ಉಪದೇಶಿಸುವದು ಸುಲಭ, ನಷ್ಟವನ್ನು ತುಂಬಿಕೊಡುವದು ಕಷ್ಟ. ಆದರೆ ಕೆಲವು ಗುಂಟೆಗಳಲ್ಲಿ ಊರ ಕಡ್ಡಿ ಇಲ್ಲವೆ ಡಬ್ಬಿ ತಳಿಯನ್ನು ಬೆಳೆದು, ಬೀಜವನ್ನು ಮನೆಯಲ್ಲಿಯೇ ಆಯ್ದಿಟ್ಟು, ಕಾಯಿಯನ್ನು ಪೇಟೆಗೊಯ್ಯದೆ ಪುಡಿ ಮಾಡಿ ಮಾರುವ ಮನೆಯು ಬೆಲೆಯ ಏರಿಳಿತಕ್ಕೆ ಅಷ್ಟು ಹೆದರಬೇಕಾಗಿಲ್ಲ. ಕಾಯಿ ಕೊಳ್ಳುವವನು ದಲಾಲ, ಪುಡಿ ಕೊಳ್ಳುವವಳು ಅಡಿಗೆ ಮಾಡುವ ತಾಯಿ. ಎರಡನೆಯವಳು ಮನೆಯ ಗುರುತನ್ನು ಹಿಡಿದು ಮತ್ತೆ ಬರುವಳು. ಸವಣೂರ ಖಾರವು ಹೆಸರು ಗಳಿಸಿದ್ದು ಇಂಥ ಗುರುತಿನಿಂದಲೇ.

ಎಲೆಯೊಂದನ್ನೇ ನೆಚ್ಚಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಗುಟಕಾ ಚೀಟಿಗಳು ಬಂದ ಮೇಲೆ ತಾಂಬೂಲದ ತಟ್ಟೆಯು ಹಿಂದೆ ಸರಿಯಿತು. 2013ರಲ್ಲಿ ಕರ್ನಾಟಕ ಸರಕಾರವು ಗುಟಕಾವನ್ನು ನಿಷೇಧಿಸಿತಾದರೂ ಹಳೆಯ ರೂಢಿಯು ಮೊದಲಿನಂತೆ ಮರಳಿ ಬರಲಿಲ್ಲ. ತಂಬಾಕಿನ ಮಾತಂತೂ ಇರಲಿ, ಅಡಿಕೆಯನ್ನು ಜಗಿಯುವದರಿಂದಲೂ ಬಾಯಿಯ ಅರ್ಬುದವು ಬರುವದೆಂದು ವೈದ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಎಲೆಯು ನಿರಪರಾಧಿಯಾದರೂ ಸಹವಾಸದೋಷವು ಅದಕ್ಕೆ ತಟ್ಟದೆ ಇರದು. ಎಲೆ, ಬಾಳೆ, ನುಗ್ಗೆ, ಕರಿಬೇವು, ನಾಲ್ಕು ಮಡಿ ಕಾಯಿಪಲ್ಯ, ಒಂದೆರಡು ಎಮ್ಮೆ: ಒಂದು ಸೋತರೆ ಇನ್ನೊಂದು ಹಿಡಿದುಕೊಳ್ಳುವಂತೆ ತೋಟವಿರಬೇಕು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ಕಥೆಯು ಇಲ್ಲಿ ನೆನಪಾಗುವದು ಸಹಜ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನು ಲಕ್ಕಮ್ಮನು ಹಿಂದಕ್ಕೆ ಕಳಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಹೇಳಿದಳು. ಇದನ್ನು ವೈರಾಗ್ಯದ ಕಥೆಯೆಂದು ಹೇಳುವದುಂಟು. ವ್ಯಾಪಾರದ ಕಥೆಯೆಂದೂ ಓದಬಹುದು: ಮನೆಯ ಕೈಗಳು ನಡೆಸಲಾರದಷ್ಟು ವ್ಯಾಪಾರವನ್ನು ಸಾಲದ ಬಂಡವಲದಿಂದ ಬೆಳೆಯಿಸಿದವರ ಮನೆಗಳಲ್ಲಿ ಲಕ್ಕಮ್ಮನಂಥವಳೊಬ್ಬಳು ಇದ್ದಿದ್ದರೆ ಅನೇಕ ಜಪ್ತಿಗಳು ತಪ್ಪುತ್ತಿದ್ದವು. ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಕಿರ್ದಿ ಇರುವದು ಒಳ್ಳೆಯದೆಂಬುದಕ್ಕೆ ಇದಕ್ಕಿಂತ ಹಳೆಯ ಪ್ರಮಾಣ ಬೇಕಿಲ್ಲ.

ಕಿರ್ದಿಯನ್ನು ಬರೆಯದೆ ವ್ಯಾಪಾರ ಮಾಡುವವರೇ ಹೆಚ್ಚು. ಬಂದ ರೊಕ್ಕ ಕಿಸೆಯಲ್ಲಿ, ಹೋದ ರೊಕ್ಕ ಗಾಳಿಯಲ್ಲಿ. ಒಂದು ನೋಟಪುಸ್ತಕದ ಎಡಕ್ಕೆ ಜಮೆ, ಬಲಕ್ಕೆ ಖರ್ಚು. ದಿನವೂ ದೀಪ ಹಚ್ಚಿದ ಮೇಲೆ ಎರಡು ಸಾಲು. ಮನೆಯವರ ಕೂಲಿಯನ್ನೂ ಖರ್ಚಿಗೆ ಹಿಡಿಯಬೇಕು. ಹಿಡಿಯದೆ ಹೋದರೆ ಲಾಭವೆಂದು ತೋರುವದು ನಿಜವಾಗಿ ಹೆಂಡಿರು ಮಕ್ಕಳ ಬಿಟ್ಟಿ ದುಡಿತವೇ ಆಗಿರುವದು. ಮನೆಯಲ್ಲಿ ಉಂಡ ಕಾಯಿಪಲ್ಯವನ್ನು ಸಂತೆಯ ಬೆಲೆಯಲ್ಲಿ ಜಮೆಗೆ ಹಿಡಿಯಬೇಕು. ಒಂದು ವರ್ಷ ಹೀಗೆ ಬರೆದರೆ ಯಾವ ಮಡಿಯು ಸಾಕುತ್ತಿದೆ, ಯಾವುದು ತಿನ್ನುತ್ತಿದೆ ಎಂಬುದು ಯಾರನ್ನೂ ಕೇಳದೆ ತಿಳಿಯುವದು. ಬರುವ ವರ್ಷದ ಬೀಜಕ್ಕೂ ಮೂರು ತಿಂಗಳ ಸಂಸಾರಕ್ಕೂ ಸಾಲುವಷ್ಟು ರೊಕ್ಕವನ್ನು ಬೇರೆಯಿಟ್ಟ ಬಳಿಕವೇ ಹೊಸ ಯಂತ್ರದ, ಹೊಸ ಕೊಳವೆಬಾವಿಯ ಮಾತು.

ಮಾರುವ ದಾರಿಯಲ್ಲಿ ನಂಬಿಗೆಯು ಮೊದಲ ಬಂಡವಲು. ಸಾವಯವವೆಂಬ ಚೀಟಿಯನ್ನು ಅಂಟಿಸಿ ಪೇಟೆಯ ಮಾಲನ್ನೇ ಮಾರುವ ಠಕ್ಕರು ಹೆಚ್ಚಿದ್ದರಿಂದ ಸರಕಾರವು ನಿಯಮಗಳನ್ನು ಮಾಡಬೇಕಾಯಿತು. ದೊಡ್ಡ ಪ್ರಮಾಣಪತ್ರದ ಖರ್ಚು ಸಣ್ಣವನಿಗೆ ನಿಲುಕದು. 2017ರಲ್ಲಿ ಹೊರಟ ಸಾವಯವ ಆಹಾರದ ನಿಯಮಗಳು ಬೆಳೆದವನೇ ಉಣ್ಣುವವನಿಗೆ ನೇರವಾಗಿ ಮಾರಿದಲ್ಲಿ ವಿನಾಯಿತಿಯನ್ನು ಕೊಟ್ಟವು. ಪಿ.ಜಿ.ಎಸ್. ಎಂಬ ಪದ್ಧತಿಯಲ್ಲಿ ಒಂದೇ ಊರಿನ ಐದಾರು ಮನೆಗಳು ಗುಂಪಾಗಿ, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ನುಡಿಯುವರು. ನೆರೆಯವನ ಕಣ್ಣಿಗಿಂತ ತೀಕ್ಷ್ಣವಾದ ತಪಾಸಣೆಯು ಯಾವ ಅಧಿಕಾರಿಯಿಂದಲೂ ಸಾಧ್ಯವಿಲ್ಲವೆಂಬುದನ್ನು ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ.

ಕೂಡಿ ನಡೆಯುವ ವಿದ್ಯೆಯು ಈ ಸೀಮೆಗೆ ಪರಕೀಯವೂ ಅಲ್ಲ. ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಅವರ ಮುಂದೆ ಇದ್ದ ಕಷ್ಟವೂ ಇದೇ: ಒಂಟಿ ರೈತನಿಗೆ ಸಾಲ ಕೊಡುವವನು ಸಾಹುಕಾರನೊಬ್ಬನೇ. ಎಲೆಯನ್ನು ಒಬ್ಬೊಬ್ಬರಾಗಿ ಬುಟ್ಟಿಯಲ್ಲಿ ಹೊತ್ತು ಬಸ್ಸು ಹತ್ತುವದಕ್ಕೂ, ಹತ್ತು ಮನೆಯವರ ಕಟ್ಟುಗಳು ಒಂದೇ ಗಾಡಿಯಲ್ಲಿ ಹೆದ್ದಾರಿಯಿಂದ ಹುಬ್ಬಳ್ಳಿಗೆ ಹೋಗುವದಕ್ಕೂ ಬಾಡಿಗೆಯಲ್ಲಿ ಎಷ್ಟು ಅಂತರವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 2020ರಿಂದ ಕೇಂದ್ರ ಸರಕಾರವು ರೈತ ಉತ್ಪಾದಕ ಕಂಪನಿಗಳಿಗೆ ಕೊಡುತ್ತ ಬಂದ ಸಹಾಯವು ಕಾಗದದ ಸಂಘಗಳನ್ನೂ ಹುಟ್ಟಿಸಿದೆ, ನಿಜವಾದವನ್ನೂ ಹುಟ್ಟಿಸಿದೆ. ಸದಸ್ಯರ ಕಿರ್ದಿಗಳು ತೆರೆದಿದ್ದರೆ ಎರಡನ್ನೂ ಬೇರ್ಪಡಿಸುವದು ಕಷ್ಟವಲ್ಲ.

ಕೊನೆಯದಾಗಿ ಕೈಗಳ ಮಾತು. ಸಾವಯವದ ತೋಟವು ರೊಕ್ಕವನ್ನು ಕಡಿಮೆ ಬೇಡಿ ದುಡಿತವನ್ನು ಹೆಚ್ಚು ಬೇಡುವದು. ದುಡಿಯುವ ಹುಡುಗರು ಮಾತ್ರ ಹುಬ್ಬಳ್ಳಿ ಬೆಂಗಳೂರುಗಳ ಬಸ್ಸು ಹತ್ತಿದ್ದಾರೆ. ಬಳ್ಳಿಯನ್ನು ಗಿಣ್ಣು ಮುರಿಯದಂತೆ ಇಳಿಸುವದು, ಎಳೆಯದನ್ನು ಬಿಟ್ಟು ಬಲಿತ ಎಲೆಯನ್ನಷ್ಟೇ ಚಿವುಟುವದು, ನೀರಿನ ಹದವನ್ನು ಹಿಮ್ಮಡಿಯಿಂದ ತುಳಿದು ತಿಳಿಯುವದು, ಇವನ್ನು ಪುಸ್ತಕವು ಕಲಿಸಲಾರದು. ಬಲ್ಲವರು ವೃದ್ಧರಾಗುತ್ತಿದ್ದಾರೆ. ಊರಿಗೆ ಮರಳಿ ಬಂದು ತೋಟ ಮಾಡುವೆನೆನ್ನುವ ತರುಣನು ಮೊದಲ ವರ್ಷ ಒಂದು ಗುಂಟೆಯನ್ನೂ ಕೊಳ್ಳದೆ, ಒಂದು ರೂಪಾಯಿ ಸಾಲವನ್ನೂ ಮಾಡದೆ, ಅಂಥ ಹಿರಿಯನೊಬ್ಬನ ಎಲೆತೋಟದಲ್ಲಿ ಬಳ್ಳಿ ಊರುವದರಿಂದ ಇಳಿಸುವವರೆಗೆ ಕೂಲಿಗೆ ನಿಲ್ಲುವದು ಯೋಗ್ಯ. ಬಳ್ಳಿ ಇಳಿಸುವ ಹಂಗಾಮಿನಲ್ಲಿ ಸವಣೂರಿನ ತೋಟಗಳಿಗೆ ಆಳು ಸಾಲುವದಿಲ್ಲ. ಕೇಳಿಕೊಂಡು ಬಂದವನನ್ನು ಯಾರೂ ಹಿಂದಕ್ಕೆ ಕಳಿಸಲಾರರು.